ಟವೆಲಿಗೆ ಬಿಸಿ ಕಂಬಿ ಬೇಕೇ?

ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ಬೆಳಿಗ್ಗೆ ಹರವಿದ ಟವೆಲು ಸಂಜೆಗೂ ಒಣಗದಿರುವಾಗ, ಬಚ್ಚಲಿಗೆ ವಿದ್ಯುತ್ತಿನ ಬಿಸಿ ಕಂಬಿ ಹಾಕಿಸುವ ಆಸೆ ಸಹಜ. ಆದರೆ ಕಂಬಿ ನೀರನ್ನು ಇಲ್ಲವಾಗಿಸದು. ಟವೆಲಿನಿಂದ ಗಾಳಿಗೆ ದಾಟಿಸುತ್ತದೆ ಅಷ್ಟೇ. ಆ ಗಾಳಿ ಹೊರಹೋಗದಿದ್ದರೆ ತೇವ ತಣ್ಣನೆಯ ಗೋಡೆಯ ಮೇಲೆ ಕೂತು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೊದಲ ಖರ್ಚು ಎಕ್ಸಾಸ್ಟ್ ಫ್ಯಾನಿಗೆ ಇರಲಿ. ಹೊರಗಿನ ಗಾಳಿಯೂ ಒದ್ದೆಯಲ್ಲವೇ ಎಂದರೆ, ನಿಜ. ಫ್ಯಾನೊಂದೇ ಸಾಲದ ಅಂಥ ಊರುಗಳಲ್ಲಿ ಕಂಬಿಗೆ ಅರ್ಥವಿದೆ. ಕರೆಂಟ್ ಬಿಲ್ಲಿನ ಭಯವೂ ಅಷ್ಟು ಬೇಡ: 100 ವ್ಯಾಟಿನ ಕಂಬಿ ದಿನಕ್ಕೆ 4 ಗಂಟೆ ನಡೆದರೆ 30 ದಿನಕ್ಕೆ 12 ಯೂನಿಟ್. ಬಿಸಿಲು ಕಾಣುವ ಬಯಲುಸೀಮೆಯ ಮನೆಗೆ ಮಾತ್ರ ಹಗ್ಗವೇ ಸಾಕು. ಫ್ಯಾನ್ ಹಾಕಿಸಿ ಒಂದು ಮಳೆಗಾಲ ನೋಡಿ. ಆಮೇಲೂ ಒಣಗದಿದ್ದರೆ ಕಂಬಿ ಕೊಳ್ಳಿ, ಅರ್ತಿಂಗ್ ಮರೆಯಬೇಡಿ.