ಟೇಕ್ವಾಂಡೊ ಕಲಿಯುವ ಮಕ್ಕಳ ದಿನಚರ್ಯೆ

ಸಾಯಂಕಾಲ ಐದೂವರೆಯ ನಂತರ ನಮ್ಮ ಊರುಗಳ ಶಾಲೆಯ ಅಂಗಳದಲ್ಲಿಯೋ ಕಲ್ಯಾಣಮಂಟಪದ ಮಹಡಿಯಲ್ಲಿಯೋ ಬಿಳಿಯ ಉಡುಪು ಧರಿಸಿ, ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿ, ಸಾಲಾಗಿ ನಿಂತು ಕಾಲೆತ್ತಿ ಒದೆಯುವ ಮಕ್ಕಳನ್ನು ಈಗ ಕಾಣದವರಿಲ್ಲ. ಹಿರಿಯರು ಇದೆಲ್ಲವನ್ನೂ ಕರಾಟೆ ಎಂದೇ ಕರೆಯುವುದುಂಟು. ಕರಾಟೆ ಜಪಾನಿನದು, ಟೇಕ್ವಾಂಡೊ ಕೊರಿಯಾ ದೇಶದ್ದು. ಆ ಭಾಷೆಯಲ್ಲಿ ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ಮಾರ್ಗ. ಈ ಹೆಸರು ಬಂದದ್ದು 1955ರಲ್ಲಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಇದು 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಯಿತು. ಶ್ರೀಮಠದ ಭಕ್ತರ ಮನೆಗಳ ಎಷ್ಟೋ ಮಕ್ಕಳು ಇದನ್ನು ಕಲಿಯುತ್ತಿರುವುದರಿಂದ, ಅವರ ತಾಯಿತಂದೆಯರು ನಮ್ಮಲ್ಲಿ ಕೇಳುವ ಪ್ರಶ್ನೆಗಳನ್ನೇ ಆಧಾರವಾಗಿಟ್ಟುಕೊಂಡು ಕೆಲವು ಮಾತು ಬರೆಯುತ್ತಿದ್ದೇವೆ.

ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ನಿಯಮ. ಹಣೆ, ಮೂಗು, ಕಂಕುಳಲ್ಲಿ ಬೆವರು ಒಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿಯಬೇಕು. ಟೇಕ್ವಾಂಡೊ ಪಂದ್ಯವೋ ತಲಾ ಎರಡು ನಿಮಿಷದ ಮೂರು ಸುತ್ತುಗಳದ್ದು. ಮೊದಲ ಸುತ್ತಿನಲ್ಲಿಯೇ ಈ ಲಕ್ಷಣಗಳೆಲ್ಲ ಕಾಣುತ್ತವೆ. ಹಾಗಾದರೆ ಈ ಆಟ ಶಾಸ್ತ್ರವಿರುದ್ಧವೇ ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದ್ದರು. ಅಲ್ಲ. ಅರ್ಧಶಕ್ತಿಯೆಂಬುದು ನಿತ್ಯದ ಅಳತೆ, ಮತ್ತು ಅದು ಅಭ್ಯಾಸದಿಂದ ಬೆಳೆಯುವ ಅಳತೆ. ಇಂದು ಹತ್ತು ಒದೆತಕ್ಕೆ ಏದುಸಿರು ಬಿಡುವ ಬಾಲಕ ಆರು ತಿಂಗಳ ನಂತರ ಐವತ್ತಕ್ಕೂ ಬಿಡುವುದಿಲ್ಲ. ವಾರದಲ್ಲಿ ಎರಡು ದಿನ ಪೂರ್ಣ ಬಲದ ಸೆಣಸಾಟ, ಉಳಿದ ದಿನಗಳಲ್ಲಿ ‘ಪೂಮ್ಸೆ’ ಎಂಬ ನಿಯತ ಚಲನೆಗಳ ಅಭ್ಯಾಸ ಹಾಗೂ ಹದವಾದ ತಾಲೀಮು, ಒಂದು ದಿನ ಸಂಪೂರ್ಣ ವಿಶ್ರಾಂತಿ ಎಂದಿಟ್ಟುಕೊಂಡರೆ ಶಾಸ್ತ್ರಕ್ಕೂ ಆಟಕ್ಕೂ ವಿರೋಧವಿಲ್ಲ. ಏಳೂ ದಿನ ಮೈ ಮುರಿಯುವಂತೆ ದುಡಿಸುವ ಶಿಕ್ಷಕರನ್ನು ನಾವು ಮೆಚ್ಚುವುದಿಲ್ಲ. ಅತಿವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಕೆಮ್ಮು, ಜ್ವರ, ವಾಂತಿ ಉಂಟಾಗುವುದೆಂದು ವಾಗ್ಭಟನು ಎಚ್ಚರಿಸಿದ್ದಾನೆ.

ಈ ಲೇಖನ ಬರೆಯಲು ಮುಖ್ಯ ಕಾರಣ ತೂಕದ ವಿಷಯ. ಟೇಕ್ವಾಂಡೊದಲ್ಲಿ ಎದುರಾಳಿಗಳನ್ನು ತೂಕದಿಂದ ವಿಂಗಡಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ 15ರಿಂದ 17 ವಯಸ್ಸಿನ ಬಾಲಕರಿಗೆ 45, 48, 51, 55, 59 ಕಿಲೋಗ್ರಾಂಗಳ ಒಳಗೆ ಎಂದು ಆರಂಭವಾಗಿ 78ರ ಮೇಲಿನವರೆಗೆ ಹತ್ತು ವಿಭಾಗಗಳಿವೆ. ಬಾಲಕಿಯರಿಗೂ ಹತ್ತು, ಅವು 42ರಿಂದ ಆರಂಭವಾಗುತ್ತವೆ. ಒಂದು ವಿಭಾಗಕ್ಕೂ ಮುಂದಿನದಕ್ಕೂ ಎರಡರಿಂದ ಐದು ಕಿಲೋ ಅಂತರ. ಕೆಳಗಿನ ವಿಭಾಗಕ್ಕೆ ಇಳಿದರೆ ತನಗಿಂತ ಚಿಕ್ಕವನೊಡನೆ ಆಡಬಹುದು, ಪದಕ ಸುಲಭ ಎಂಬ ಆಸೆ ಇಲ್ಲಿಂದಲೇ ಹುಟ್ಟುತ್ತದೆ.

ಹದಿನೈದರ ಒಬ್ಬ ಬಾಲಕನನ್ನು ಅವನ ತಂದೆ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ತಲೆ ಸುತ್ತು, ಮೀನಖಂಡದಲ್ಲಿ ಸೆಳೆತ, ಹಳದಿಗಟ್ಟಿದ ಅಲ್ಪ ಮೂತ್ರ. ಕೇಳಿದರೆ ಮೂರು ದಿನದಿಂದ ಅನ್ನ ಬಿಟ್ಟಿದ್ದಾನೆ. ಹಿಂದಿನ ದಿನದಿಂದ ನೀರನ್ನೂ ಬಿಟ್ಟಿದ್ದಾನೆ. ಮಧ್ಯಾಹ್ನದ ಬಿಸಿಲಿನಲ್ಲಿ ಮಳೆಯಂಗಿ ಹಾಕಿಕೊಂಡು ಓಡಿದ್ದಾನೆ. ಅವನ ಸಹಜ ತೂಕ ಐವತ್ತೂವರೆ ಕಿಲೋ. ಎರಡು ದಿನದ ನಂತರದ ಸ್ಪರ್ಧೆಗೆ 48ರ ಒಳಗೆ ಬರಬೇಕಿತ್ತು. ಕಳೆದ ವರ್ಷ ಅದೇ ವಿಭಾಗದಲ್ಲಿ ಗೆದ್ದಿದ್ದನಂತೆ. ಆದರೆ ಆ ವರ್ಷದಲ್ಲಿ ಅವನು ನಾಲ್ಕು ಬೆರಳು ಎತ್ತರ ಬೆಳೆದಿದ್ದ! ಬೆಳೆದ ಮಗುವಿಗೆ ಹಳೆಯ ಅಂಗಿ ತೊಡಿಸಲು ಹೋಗಿ, ಹಿಡಿಸದಿದ್ದಾಗ ಅಂಗಿಯನ್ನು ಬಿಟ್ಟು ಮಗುವನ್ನೇ ಕತ್ತರಿಸುವ ಕೆಲಸವಿದು.

ಮಲ, ಮೂತ್ರ, ಸೀನು, ಆಕಳಿಕೆಗಳಂತೆ ಹಸಿವು, ಬಾಯಾರಿಕೆ, ನಿದ್ರೆ ಇವೂ ತಡೆಯಬಾರದ ವೇಗಗಳು. ಚರಕಸಂಹಿತೆ ಎಣಿಸಿದ ಹದಿಮೂರರಲ್ಲಿ ಇವಿವೆ. ಅದೇ ಪಟ್ಟಿಯಲ್ಲಿ ಶ್ರಮದಿಂದ ಬಂದ ಏದುಸಿರೂ ಇದೆಯೆಂಬುದನ್ನು ಕ್ರೀಡಾಪಟುಗಳು ಗಮನಿಸಬೇಕು. ತೂಕ ಇಳಿಸುವ ಬಾಲಕನು ಹಸಿವು, ಬಾಯಾರಿಕೆ, ನಿದ್ರೆ ಮೂರನ್ನೂ ಒಟ್ಟಿಗೆ ತಡೆಯುತ್ತಾನೆ. ಆಧುನಿಕ ಶರೀರಶಾಸ್ತ್ರದ ಮಾತೂ ಬೇರೆಯಲ್ಲ. ಹೀಗೆ ಇಳಿದ ತೂಕ ಕೊಬ್ಬಿನದಲ್ಲ, ಬಹುಪಾಲು ನೀರಿನದು. ಐವತ್ತು ಕಿಲೋ ದೇಹದಲ್ಲಿ ಒಂದು ಕಿಲೋ ನೀರು ಕಡಿಮೆಯಾದರೆ ಸಾಕು, ರಕ್ತ ಗಟ್ಟಿಯಾಗುತ್ತದೆ, ಹೃದಯ ಹೆಚ್ಚು ಬಡಿಯುತ್ತದೆ, ಬೆವರು ತಗ್ಗಿ ಮೈಕಾವು ಏರುತ್ತದೆ. ತೂಕ ನೋಡಿದ ಮೇಲೆ ಗಟಗಟ ಕುಡಿದ ನೀರು ಕೆಲವೇ ಗಂಟೆಗಳಲ್ಲಿ ಎಲ್ಲವನ್ನೂ ಸರಿಪಡಿಸುವುದಿಲ್ಲ.

ನಾವು ಆ ತಂದೆಗೆ 51ರ ವಿಭಾಗದಲ್ಲಿ ಆಡಿಸಿ, ಇಲ್ಲವೇ ಈ ಸ್ಪರ್ಧೆ ಬಿಡಿಸಿ ಎಂದೆವು. ಅವರಿಗೆ ರುಚಿಸಲಿಲ್ಲ. “ಡಾಕ್ಟರೇ, ಹೆಸರು ಆಗಲೇ ಕೊಟ್ಟಾಗಿದೆ, ಎರಡೇ ದಿನದ ಮಾತು” ಎಂದರು. ಮೂತ್ರದ ಬಣ್ಣವನ್ನು ಅವರಿಗೇ ತೋರಿಸಿದ ಮೇಲೆ ಮೌನವಾದರು. ಅಂದು ಬಾಲಕನಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ, ನಂತರ ಎಳನೀರು, ಗಂಜಿ, ತೆಳುವಾದ ಹೆಸರುಬೇಳೆಯ ಕಟ್ಟು ಕೊಡಿಸಿದೆವು. ಆ ಸ್ಪರ್ಧೆ ತಪ್ಪಿತು. ಮುಂದಿನದರಲ್ಲಿ 51ರ ವಿಭಾಗದಲ್ಲಿ ಆಡಿ ಎರಡನೆಯ ಪಂದ್ಯದಲ್ಲಿಯೇ ಸೋತ. ತಂದೆಗೆ ಇಂದಿಗೂ ನಮ್ಮ ಮೇಲೆ ಸ್ವಲ್ಪ ಮುನಿಸಿದೆ. ಹುಡುಗ ಮಾತ್ರ ಆಗಾಗ ಬಂದು ತೂಕ ನೋಡಿಸಿಕೊಂಡು ಹೋಗುತ್ತಾನೆ. ಈಗ 54 ಕಿಲೋ.

ಇನ್ನು ಆಹಾರ. ಮಾಂಸ ಮೊಟ್ಟೆ ಮುಟ್ಟದ ಮನೆಯ ಮಗುವಿಗೆ ಈ ಆಟದ ಬಲ ಬರುವುದೇ ಎಂಬುದು ತಾಯಂದಿರ ಚಿಂತೆ. ಲೆಕ್ಕ ಹಾಕಿ ನೋಡೋಣ. ಕಠಿಣ ತಾಲೀಮಿನ ಐವತ್ತು ಕಿಲೋ ತೂಕದ ಬಾಲಕನಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ನಾಲ್ಕು ಜೋಳದ ರೊಟ್ಟಿಯಲ್ಲಿ ಇಪ್ಪತ್ತರ ಹತ್ತಿರ, ಐವತ್ತು ಗ್ರಾಂ ಹೆಸರುಕಾಳಿನಲ್ಲಿ ಹನ್ನೆರಡು, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು, ಅರ್ಧ ಲೀಟರ್ ಹಾಲು ಮೊಸರಿನಲ್ಲಿ ಹದಿನಾರು, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಏಳೆಂಟು. ಅರವತ್ತು ದಾಟಿತಲ್ಲ! ಕೊರತೆಯಿರುವುದು ಅಡುಗೆಮನೆಯಲ್ಲಲ್ಲ. ಬೆಳಿಗ್ಗೆ ಎರಡು ಬಿಸ್ಕತ್ತು ಕಚ್ಚಿ ಶಾಲೆಗೆ ಓಡಿ, ಸಂಜೆ ಬರಿಹೊಟ್ಟೆಯಲ್ಲಿ ತಾಲೀಮಿಗೆ ಹೋಗಿ, ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯ ಉಣ್ಣುವ ಕ್ರಮದಲ್ಲಿದೆ. ತಾಲೀಮಿಗೆ ಒಂದೂವರೆ ಗಂಟೆ ಮೊದಲು ಬಾಳೆಹಣ್ಣು, ಅವಲಕ್ಕಿ ಅಥವಾ ಶೇಂಗಾ ಬೆಲ್ಲದ ಉಂಡೆ; ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ; ಎಂಟೂವರೆಯೊಳಗೆ ಊಟ. ಅಜೀರ್ಣವಿದ್ದ ದಿನ ತಾಲೀಮು ಬೇಡ.

ನಿದ್ರೆ ಎಂಟರಿಂದ ಹತ್ತು ಗಂಟೆ ಬೇಕು. ಬೆಳಿಗ್ಗೆ ಐದಕ್ಕೆ ಓಟ, ರಾತ್ರಿ ಹನ್ನೊಂದರವರೆಗೆ ಪಾಠ ಎಂಬ ವೇಳಾಪಟ್ಟಿ ಗೋಡೆಗೆ ಅಂಟಿಸಲು ಚೆಂದ, ದೇಹಕ್ಕಲ್ಲ.

ಕಾಲುಗಳನ್ನು ಎರಡೂ ಬದಿಗೆ ಪೂರ್ಣ ಚಾಚಿ ಕೂರಿಸುವಾಗ ಕೆಲವೆಡೆ ಒಬ್ಬನ ತೊಡೆಯ ಮೇಲೆ ಮತ್ತೊಬ್ಬನನ್ನು ನಿಲ್ಲಿಸಿ ಒತ್ತುವ ಪದ್ಧತಿಯಿದೆ. ಇದು ಸಲ್ಲದು. ಬೆಳೆಯುವ ವಯಸ್ಸಿನಲ್ಲಿ ಮೂಳೆಗಳ ತುದಿ ಇನ್ನೂ ಮೃದುವಾಗಿದ್ದು, ಸ್ನಾಯು ಅಂಟಿಕೊಂಡ ಸ್ಥಳವೇ ಸೀಳಬಹುದು. ಮೊಣಕಾಲು ಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವೆಂದು ಬರುವ ಹದಿಮೂರು ಹದಿನಾಲ್ಕರ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಮೊದಲ ಔಷಧಿ ಕೆಲವು ವಾರ ಜಿಗಿತ ನಿಲ್ಲಿಸುವುದು. ಮೈ ಬೆಚ್ಚಗಾದ ನಂತರ, ತಾನೇ ತಾಳುವಷ್ಟು, ದಿನದಿನಕ್ಕೆ ಕೊಂಚ ಹೆಚ್ಚಿಸುತ್ತ ಚಾಚಿದರೆ ಸಾಕು. ವಿಶ್ರಾಂತಿಯ ದಿನ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ ಬಹಳ ಹಿತ. ಹೊಸದಾಗಿ ಉಳುಕಿ ಊದಿಕೊಂಡ ಭಾಗಕ್ಕೆ ಮಾತ್ರ ಎಣ್ಣೆ ತಿಕ್ಕಬಾರದು.

ತಲೆಗೆ ಒದೆತ ಬಿದ್ದರೆ ಮೂರು ಅಂಕ. ಆದ್ದರಿಂದ ತಲೆಯೇ ಗುರಿಯಾಗುತ್ತದೆ. ಶಿರಸ್ತ್ರಾಣ ಚರ್ಮ ಹರಿಯುವುದನ್ನು ತಡೆದೀತು, ಒಳಗಿನ ಮೆದುಳು ಅಲುಗುವುದನ್ನು ಪೂರ್ಣವಾಗಿ ತಡೆಯದು. ಪೆಟ್ಟಿನ ನಂತರ ಮಂಕು ಕವಿದರೆ, ಕಣ್ಣು ಮಂಜಾದರೆ, ನಡಿಗೆ ತೂರಾಡಿದರೆ ಆ ದಿನ ಮತ್ತೆ ಕಣಕ್ಕಿಳಿಸಲೇಬಾರದು. ವೈದ್ಯರು ಒಪ್ಪುವವರೆಗೆ ಮುಂದೆಯೂ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಚ್ಚರಿಸಿದರೂ ಏಳದ ಮಂಪರು ಇದ್ದರೆ ನಮ್ಮಂಥವರ ಲೇಪ ಕಷಾಯಗಳಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಮುಟ್ಟು ಮೂರು ತಿಂಗಳು ನಿಂತರೆ ‘ಆಟದಿಂದ ಹಾಗಾಗುತ್ತದೆ’ ಎಂದು ಸುಮ್ಮನಿರಬೇಡಿ. ದುಡಿಮೆಗೆ ತಕ್ಕ ಅನ್ನ ಸಿಗುತ್ತಿಲ್ಲವೆಂಬ ಸೂಚನೆ ಅದಾಗಿರಬಹುದು, ಮೂಳೆಗಳೂ ದುರ್ಬಲವಾಗುತ್ತವೆ. ತಾಯಿಯೊಡನೆ ಬಂದು ಪರೀಕ್ಷಿಸಿಕೊಳ್ಳಲಿ.

ಕೊನೆಯದಾಗಿ, ಅಶ್ವಗಂಧ ಕೊಡಬಹುದೇ, ಪುನರ್ನವದಿಂದ ತೂಕ ಇಳಿಸಬಹುದೇ ಎಂಬ ಪ್ರಶ್ನೆ. ಸರಿಯಾಗಿ ಉಂಡು ಮಲಗುವ ಮಗುವಿಗೆ ಮೊದಲನೆಯದು ಬೇಕಿಲ್ಲ. ಎರಡನೆಯದು ಮೂತ್ರಲವಾದ ಔಷಧಿ, ರೋಗಿಗೆ ಮೀಸಲು. ಸ್ಪರ್ಧೆಯ ತೂಕಕ್ಕಾಗಿ ಯಾರಾದರೂ ಬರೆದುಕೊಡಿ ಎಂದರೆ ನಾವು ಬರೆಯುವುದಿಲ್ಲ. ಅಂಗಡಿಯ ಮೂತ್ರವರ್ಧಕ ಗುಳಿಗೆಗಳಂತೂ ಕ್ರೀಡಾಪಟುಗಳಿಗೆ ಸರ್ವಕಾಲಕ್ಕೂ ನಿಷಿದ್ಧವಾದ ಔಷಧಗಳ ಪಟ್ಟಿಯಲ್ಲಿವೆ. ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಲೇಹ್ಯಗಳನ್ನು ಮಗುವಿಗೆ ತಿನ್ನಿಸುವ ಮೊದಲು ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿರಿ.