ದೂರದ ವಿಮಾನಯಾನ: ಗಂಟೆಯ ಲೆಕ್ಕ ಬೇರೆ, ದಿನಾಂಕದ ಲೆಕ್ಕ ಬೇರೆ

ವಿಮಾನದ ವೇಳಾಪಟ್ಟಿಯಲ್ಲಿ ಮುದ್ರಿತವಾಗುವುದು ಆಯಾ ಊರಿನ ಸ್ಥಳೀಯ ಸಮಯ. ದೂರದೇಶದೊಡನೆ ವ್ಯವಹರಿಸುವ ವರ್ತಕರು ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 2021ರಲ್ಲಿ ಏರ್ ಇಂಡಿಯಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನಡುವೆ ನೇರ ಸೇವೆಯನ್ನು ಆರಂಭಿಸಿತು. ನೇರ ಅಂತರ ಸುಮಾರು 14,000 ಕಿ.ಮೀ. ಪ್ರಥಮ ಯಾನದ ವೇಳಾಪಟ್ಟಿ ಹೀಗಿತ್ತು:

ನಿರ್ಗಮನ: ಜನವರಿ 9, ಶನಿವಾರ ರಾತ್ರಿ 8-30
ಆಗಮನ: ಜನವರಿ 11, ಸೋಮವಾರ ಬೆಳಗಿನ ಜಾವ 3-45
ಗಡಿಯಾರದ ವ್ಯತ್ಯಾಸ: 31 ಗಂಟೆ 15 ನಿಮಿಷ
ಕಳೆಯಬೇಕಾದ ಕಾಲಮಾನ ವ್ಯತ್ಯಾಸ: 13 ಗಂಟೆ 30 ನಿಮಿಷ
ನಿಜವಾದ ಅವಧಿ: 17 ಗಂಟೆ 45 ನಿಮಿಷ

ಅಂದರೆ ಮುಕ್ಕಾಲು ದಿನದ ಪ್ರಯಾಣಕ್ಕೆ ದಿನಾಂಕ ಎರಡು ದಿನ ಮುಂದೆ ಸರಿಯಿತು. ಬೇಸಿಗೆಯಲ್ಲಿ ಅಮೆರಿಕದ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಕಾಲಮಾನ ವ್ಯತ್ಯಾಸ 12 ಗಂಟೆ 30 ನಿಮಿಷವಾಗುತ್ತದೆ.

ಎದುರು ದಿಕ್ಕಿನಲ್ಲಿ ಫಲಿತಾಂಶ ತಿರುವುಮುರುವು. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನದ ಸಂಜೆ 4-30.

ಕೊಯ್ದ ಹೂ ಬಾಡುವುದು ನಿಜವಾದ ಗಂಟೆಗಳ ಲೆಕ್ಕದಲ್ಲಿ. ಒಪ್ಪಂದದ ಗಡುವು ತೀರುವುದು ದಿನಾಂಕದ ಲೆಕ್ಕದಲ್ಲಿ. ಆದುದರಿಂದ ಎರಡನ್ನೂ ಪ್ರತ್ಯೇಕವಾಗಿ ಗುಣಿಸಿಟ್ಟುಕೊಂಡು, ಗಡುವು ಯಾವ ಊರಿನ ಸಮಯದಂತೆ ಎಂಬುದನ್ನು ಒಪ್ಪಂದದಲ್ಲಿಯೇ ನಮೂದಿಸುವುದು ಕ್ಷೇಮ.