ಹೆಚ್ಚುವರಿ ವೇತನ ವಸೂಲಾತಿ: ಪ್ರಮುಖ ತೀರ್ಪುಗಳು

● ಪೀಠ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅನುದಾನಿತ ಕಾಲೇಜು ಉಪನ್ಯಾಸಕರ ವೇತನ ಶ್ರೇಣಿ ಕುರಿತ ರಿಟ್ ಅರ್ಜಿಗಳು (ಸಂವಿಧಾನದ 226ನೇ ವಿಧಿ) ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತವೆ. ಇದು 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ.

● ಸಾಹಿಬ್ ರಾಮ್, ಹರಿಯಾಣ (1994): ಪ್ರಾಂಶುಪಾಲರ ತಪ್ಪು ಗ್ರಹಿಕೆಯಿಂದ ಕಾಲೇಜು ಗ್ರಂಥಪಾಲಕರಿಗೆ ಹೆಚ್ಚಿನ ಶ್ರೇಣಿ ಸಿಕ್ಕಿತ್ತು, ಪಾವತಿಸಿದ ಹಣದ ವಸೂಲಿಗೆ ಸುಪ್ರೀಂ ಕೋರ್ಟ್ ತಡೆ.

● ರಫೀಕ್ ಮಸೀಹ್, ಪಂಜಾಬ್ (2014): ಐದು ಸಂದರ್ಭಗಳಲ್ಲಿ ವಸೂಲಿ ಸಲ್ಲದು. ಗ್ರೂಪ್ ಸಿ, ಡಿ ನೌಕರರು. ನಿವೃತ್ತರು ಅಥವಾ ವರ್ಷದೊಳಗೆ ನಿವೃತ್ತರಾಗುವವರು. ಐದು ವರ್ಷ ಮೀರಿದ ಪಾವತಿ. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡದ್ದು. ವಸೂಲಿ ಅತಿ ಕಠೋರವಾಗುವಂಥದ್ದು.

● ಜಗದೇವ್ ಸಿಂಗ್ (2016): ಮರುಪಾವತಿಯ ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಯಿಂದ ವಸೂಲಿ ಸಿಂಧು.

ನೆನಪಿಡಿ: ಮುಚ್ಚಳಿಕೆಗೆ ಸಹಿ ಹಾಕುವ ಮೊದಲು ಓದುವುದು ಪ್ರತಿ ಉಪನ್ಯಾಸಕರ ಹಿತಕ್ಕೆ ಅಗತ್ಯ.